ರಘುನಾಥರ ಕಾಲ ಕೆಳಗಿನ ಹೆಂಗಸು

ಅದು ನನ್ನ ಮುಖ. ಎಷ್ಟು ಸಲ ಹೇಳಬೇಕು? ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಸಿಟ್ಟು ನೆತ್ತಿಗೇರಿದಾಗ ನಮ್ಮ ಗದಗಿನ ಮಾತಿನಲ್ಲೂ ಹೇಳಿದೆ. ಸ್ವೀಡನ್ನಿನ ಲಿನ್‌ಶೋಪಿಂಗ್ ಕನ್ನಡ ಸಂಘದ ಒಂದು ನರಪಿಳ್ಳೆಯೂ ನಂಬಲಿಲ್ಲ. "ಛೇ, ಬಿಡಿ ಶೋಭನಾ, ನೀವೆಲ್ಲಿ, ಆ ಪಿಶಾಚಿ ಎಲ್ಲಿ" ಅಂದರು. ಅದನ್ನು ಹೊಗಳಿಕೆ ಎಂದುಕೊಂಡು ನಾನು ಸುಮ್ಮನಾಗಬೇಕಿತ್ತಂತೆ.

ಶುರುವಾದದ್ದು ಕಳೆದ ಬೇಸಿಗೆಯಲ್ಲಿ, ಸಂಘದ ಪಿಕ್‌ನಿಕ್ಕಿನಲ್ಲಿ. ನಾರ್‌ಶೋಪಿಂಗ್ ದಾಟಿ ಕೆರೆಯ ದಂಡೆಯ ಮೇಲೆ ಒಂದು ಹಳೆಯ ಅರಮನೆಯಿದೆ. ಚಿತ್ರಾನ್ನ, ಮೊಸರನ್ನ ಎಲ್ಲ ಖಾಲಿಯಾದ ಮೇಲೆ ಒಳಗೆ ಹೋದೆವು. ದೊಡ್ಡ ಹಾಲಿನ ಚಾವಣಿಯ ತುಂಬ ಬರೋಕ್ ಕಾಲದ ಚಿತ್ರ. ನಡುವೆ ಆ ಮನೆಯ ಯಜಮಾನ, ಮುನ್ನೂರೈವತ್ತು ವರ್ಷದ ಹಿಂದಿನ ಒಬ್ಬ ಸೇನಾಪತಿ, ರೋಮನ್ ಕವಚ ತೊಟ್ಟು ಮೋಡದ ಮೇಲೆ ಕೂತಿದ್ದಾನೆ. ಸುತ್ತ ಹೆಂಗಸರು, ರೆಕ್ಕೆಯ ಮಕ್ಕಳು, ಕುದುರೆಗಳು. ಗೈಡ್ ಹುಡುಗಿ ಇಸವಿಗಳನ್ನೆಲ್ಲ ಗಡಗಡ ಒಪ್ಪಿಸಿ ಹೊರಗೆ ಹೋಗಿ ನಿಂತಳು. ನಮ್ಮವರೆಲ್ಲ ಕತ್ತು ಮೇಲೆ ಮಾಡಿಕೊಂಡು ನಿಂತೇ ಇದ್ದರು.

"ಇವರೆಲ್ಲ ಯಾರಮ್ಮ? ಆ ಯಜಮಾನನ ಮನೆಯವರಾ?" ಎಂದು ಕೇಳಿದವರು ರಘುನಾಥರು. ನಮ್ಮ ಸಂಘದ ಅಧ್ಯಕ್ಷರು. ಸಂಘ ಹುಟ್ಟಿದಾಗಿನಿಂದಲೂ ಅವರೇ ಅಧ್ಯಕ್ಷರು, ಯಾಕೆಂದರೆ ಕೊಮ್ಮೂನಿಗೆ, ಅಂದರೆ ಇಲ್ಲಿನ ನಗರಸಭೆಗೆ, ಫೋನು ಮಾಡಿ ಹಾಲ್ ಬುಕ್ ಮಾಡುವ ಕೆಲಸ ಇನ್ಯಾರಿಗೂ ಬೇಡವಾಗಿತ್ತು. ಮೆತ್ತಗಿನ ಮನುಷ್ಯ. ಯಾರ ಮೇಲೂ ದನಿ ಏರಿಸಿದ್ದಿಲ್ಲ.

ನಾನು ಚಿತ್ರಕಲೆ ಓದಿದವಳು ಎಂದು ಅವರಿಗೆ ನೆನಪಿತ್ತು ನೋಡಿ, ಅಷ್ಟಕ್ಕೇ ನಾನು ಉಬ್ಬಿಹೋದೆ. "ಇವರು ಯಾರೂ ಅಲ್ಲ ಸರ್. ಇವು ಗುಣಗಳು, ಹೆಂಗಸರ ರೂಪ ಕೊಟ್ಟಿದಾರೆ. ಕೈಯಲ್ಲಿ ಕನ್ನಡಿ, ಹಾವು ಇದೆಯಲ್ಲ, ಅವಳು ವಿವೇಕ. ತಕ್ಕಡಿ ಹಿಡಿದೋಳು ನ್ಯಾಯ. ತುತ್ತೂರಿ ಊದ್ತಿರೋಳು ಕೀರ್ತಿ. ಆ ರೆಕ್ಕೆಯ ಮುದುಕ ಕಾಲಪುರುಷ. ಅವನ ಕುಡುಗೋಲನ್ನ ಮಗು ಕಿತ್ಕೊಂಡಿದೆ ನೋಡಿ. ಅಂದ್ರೆ ಯಜಮಾನರ ಹೆಸರು ಯಾವತ್ತೂ ಅಳಿಯಲ್ಲ ಅಂತ."

"ಕೆಳಗೆ ಒಬ್ಬಳು ಬಿದ್ದಿದಾಳಲ್ಲ, ಅಸಹ್ಯವಾಗಿ?"

ಯಜಮಾನನ ಎಡಗಾಲಿನಡಿ ಒಬ್ಬ ಒಣಕಲು ಮುದುಕಿಯಿದ್ದಳು. ಕೂದಲಿನ ಜಾಗದಲ್ಲಿ ಹಾವುಗಳು. ತನ್ನ ಹೃದಯವನ್ನು ತಾನೇ ಕಿತ್ತು ತಿನ್ನುತ್ತಿದ್ದಳು. "ಅವಳು ಮತ್ಸರ" ಅಂದೆ.

"ಇಷ್ಟು ಚೆನ್ನಾಗಿರೋ ಚಿತ್ರದಲ್ಲಿ ಅವಳು ಯಾಕೆ ಬೇಕಿತ್ತು?"

"ಅವಳಿಲ್ಲದಿದ್ರೆ ಇವನು ದೊಡ್ಡೋನು ಅಂತ ಹೇಗೆ ಗೊತ್ತಾಗಬೇಕು ಸರ್? ಕಾಲಿಡೋಕೆ ಒಬ್ರು ಬೇಕಲ್ಲ."

ರಘುನಾಥರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಮೇಲೆ ನೋಡಿದರು. ನನಗೆ ಬಾಯಿ ನಿಲ್ಲಲಿಲ್ಲ. ಆ ಸೇನಾಪತಿ ಗೆದ್ದ ಹಾಗೆ ಬರೆಸಿಕೊಂಡ ಯುದ್ಧದಲ್ಲಿ ನಿಜಕ್ಕೂ ಸೋತಿದ್ದ, ಚಿತ್ರ ಮುಗಿದು ಕೆಲವೇ ವರ್ಷಕ್ಕೆ ರಾಜ ಅವನ ಆಸ್ತಿಯನ್ನೆಲ್ಲ ಕಿತ್ತುಕೊಂಡ ಎಂದು ಗೈಡ್ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. "ಗಟ್ಟಿಯಾಗಿ ಕೂತವನು ಇಷ್ಟೊಂದು ಬಣ್ಣ ಖರ್ಚು ಮಾಡಲ್ಲ. ಕುರ್ಚಿ ಅಲ್ಲಾಡೋಕೆ ಶುರುವಾದಾಗಲೇ ಮೋಡ, ತುತ್ತೂರಿ ಎಲ್ಲ ಬೇಕಾಗೋದು. ಚಾವಣಿಯಲ್ಲೇ ಯಾಕೆ ಬರೆಸ್ತಿದ್ರು ಹೇಳಿ? ನೋಡೋರಿಗೆ ಕತ್ತು ನೋಯಬೇಕು, ತಾವು ಚಿಕ್ಕೋರು ಅನ್ನಿಸಬೇಕು."

"ಅಯ್ಯೋ, ಅಂದ್ರೆ ನಮ್ಮೂರ ಎಲೆಕ್ಷನ್ ಫ್ಲೆಕ್ಸೇ!" ಎಂದ ಸಂಜಯ್. "ನಡುವೆ ಲೀಡರ್, ಮೇಲೆ ದೇವರು, ಪಕ್ಕ ಸಿಂಹ, ಹೂವಿನ ಮಳೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಫ್ಲೆಕ್ಸಿನಲ್ಲಿ ಕೆಳಗಿನ ಸಾಲಿನಲ್ಲಿರುವ ಒಂದೊಂದು ಮುಖಕ್ಕೂ ಒಬ್ಬ ನಿಜವಾದ ಮನುಷ್ಯ, ಒಂದು ಹೆಸರು ಇರುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ರಘುನಾಥರು ನನ್ನ ಪಕ್ಕ ಬಂದು ಕೂತರು. ವಸಂತದಲ್ಲಿ ಸಂಘದ ದಶಮಾನೋತ್ಸವ. ಸ್ಟೇಜಿನ ಹಿಂದೆ ಹಾಕಲು ಅಂಥದ್ದೇ ಒಂದು ಚಿತ್ರ ಬೇಕಂತೆ. ಮೇಲೆ ತಾಯಿ ಭುವನೇಶ್ವರಿ, ಅವಳ ಕೈಯಲ್ಲಿ ಹಾರ, ಕೆಳಗೆ ಒಬ್ಬ ನಾಯಕ.

"ನಾಯಕ ಅಂದ್ರೆ ನೀವಾ ಸರ್?"

"ಅಯ್ಯೋ, ನಾನ್ಯಾಕಮ್ಮ? ಸುಮ್ಮನೆ ಒಬ್ಬ ಕನ್ನಡ ಸೇವಕ ಅಂತಿರಲಿ" ಅಂದರು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಕನ್ನಡಕ ಇರಲಿ. ಮೀಸೇನೂ ಇರಲಿ" ಅಂದರು.

ಅದೇ ವಾರ ಸಂಜಯ್ ತಾನೂ ಈ ಸಲ ಅಧ್ಯಕ್ಷಗಿರಿಗೆ ನಿಲ್ಲುತ್ತೇನೆ ಎಂದು ಗ್ರೂಪಿನಲ್ಲಿ ಮೆಸೇಜು ಹಾಕಿದ್ದ. ರಘುನಾಥರ ಕುರ್ಚಿ ಮೊದಲ ಸಲ ಅಲ್ಲಾಡಿತ್ತು. ಅದು ಗೊತ್ತಿದ್ದೂ ನಾನು ಹ್ಞೂಂ ಅಂದೆ. ಯಾಕೆ ಅಂದೆ ಎಂದು ಕೇಳಿದರೆ ಸ್ವಂತ ಕತೆ ಹೇಳಬೇಕಾಗುತ್ತದೆ.

ನನ್ನ ಗಂಡ ಚಿರಂತನ್ ಇಲ್ಲಿ ವಿಮಾನದ ಕಂಪನಿಯಲ್ಲಿ ಇಂಜಿನಿಯರು. ಅವನ ಬಾಲ ಹಿಡಿದು ಬಂದ ನಾನು ಡಾಗಿಸಿನಲ್ಲಿ, ಅಂದರೆ ಮಕ್ಕಳ ಶಾಲೆಯಲ್ಲಿ, ಯಾರಾದರೂ ರಜೆ ಹಾಕಿದರೆ ಕರೆಸಿಕೊಳ್ಳುವ ಬದಲಿ ಆಳು. ಮಕ್ಕಳ ಮೂಗು ಒರೆಸುತ್ತೇನೆ, ಜಿಪ್ಪು ಹಾಕುತ್ತೇನೆ, ಅವರು ಬಣ್ಣ ಆಡಿದ ಮೇಲೆ ಬ್ರಶ್ಶು ತೊಳೆಯುತ್ತೇನೆ. ಧಾರವಾಡದಲ್ಲಿ ಐದು ವರ್ಷ ಚಿತ್ರಕಲೆ ಕಲಿತ ಕೈ ಇದು. ಇಲ್ಲಿಗೆ ಬಂದಮೇಲೆ ಸ್ವಂತಕ್ಕೆ ಒಂದು ಗೆರೆ ಎಳೆದಿರಲಿಲ್ಲ. ಕುಲ್ತೂರ್‌ಹೂಸ್ ಎಂದು ಊರ ನಡುವೆ ಒಂದು ಕಲಾಭವನವಿದೆ. ಅಲ್ಲಿನ ಪ್ರದರ್ಶನಗಳನ್ನು ನೋಡಿಕೊಳ್ಳುವ ಅನ್ನಾ-ಲೇನಾ ಎಂಬಾಕೆಗೆ ನನ್ನ ಹಳೆಯ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದ್ದೆ. "ಫೋನಿನಲ್ಲಿ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಮಾಡಿದ, ಪೂರ್ತಿ ಮುಗಿಸಿದ ಒಂದು ಕೆಲಸ ತೋರಿಸು. ವಸಂತದಲ್ಲಿ ಕಾರಿಡಾರಿನ ಗೋಡೆ ಒಂದು ತಿಂಗಳು ಖಾಲಿಯಿರುತ್ತದೆ, ನೋಡೋಣ" ಎಂದಿದ್ದಳು. ನನಗೆ ಆ ಗೋಡೆ ಬೇಕಿತ್ತು. ಗೋಡೆಯ ಮೇಲೆ ನನ್ನ ಕೆಲಸ, ಕೆಳಗೊಂದು ಚೀಟಿ, ಚೀಟಿಯಲ್ಲಿ ನನ್ನ ಹೆಸರು. ಅದಕ್ಕೋಸ್ಕರ ರಘುನಾಥರ ಮೀಸೆಯನ್ನೇನು, ಅವರ ಇಡೀ ವಂಶದ ಮೀಸೆಯನ್ನು ಬೇಕಾದರೂ ಬರೆಯಲು ತಯಾರಿದ್ದೆ.

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯ ಪಕ್ಕ ಒಂದು ಖಾಲಿ ಜಾಗವಿತ್ತು. ನಮ್ಮ ಕಡೆಯ ಕಂಪನಿ ನಾಟಕದ ಪರದೆಗಳ ಹಾಗೆ ಸುತ್ತಿಡಬಹುದಾದ ದಪ್ಪ ಹತ್ತಿಬಟ್ಟೆ ತಂದು, ಬಿಳಿ ಬಳಿದು, ಚಳಿಗಾಲವೆಲ್ಲ ಅಲ್ಲೇ ಕೆಲಸ ಮಾಡಿದೆ. ರಘುನಾಥರು ಒಂದು ಭಾನುವಾರ ಜರಿಪಂಚೆ, ಮೈಸೂರು ಪೇಟ ತಂದು ನಮ್ಮ ಸೋಫಾದ ಮೇಲೆ ಕೂತರು. ಬೂಟು ಬಾಗಿಲಲ್ಲಿ ಬಿಟ್ಟು ಬಂದಿದ್ದರು, ಕಾಲಲ್ಲಿ ಬೂದು ಬಣ್ಣದ ಉಣ್ಣೆಯ ಸಾಕ್ಸ್. ನಾನು ಅದನ್ನೂ ಬಿಡದೆ ಬರೆದೆ. ಕೀರ್ತಿಗೆ, ವಿವೇಕಕ್ಕೆ, ನ್ಯಾಯಕ್ಕೆ ಮನಸ್ಸಿಗೆ ಬಂದ ಮುಖಗಳನ್ನು ಹಾಕಿದೆ.

ಉಳಿದದ್ದು ಮತ್ಸರ. ಅದಕ್ಕೆ ಯಾರನ್ನು ಕೂರಿಸಿ ಬರೆಯಲಿ? "ಬನ್ನಿ, ಹೊಟ್ಟೆಕಿಚ್ಚಿನ ಮುಖ ಮಾಡಿಕೊಂಡು ಕೂತ್ಕೊಳ್ಳಿ" ಎಂದು ಕರೆಯಲಾಗುತ್ತದೆಯೇ? ಕನ್ನಡಿ ಇಟ್ಟುಕೊಂಡು ನಾನೇ ಕೂತೆ. ಏನು ನೆನೆಸಿಕೊಂಡರೆ ಮುಖ ಹಾಗಾಗುತ್ತದೆ ಎಂದು ಯೋಚಿಸಿದೆ. ಸ್ವಲ್ಪವೂ ಕಷ್ಟವಾಗಲಿಲ್ಲ. ಸಂಜಯನ ಹೆಂಡತಿ ಪಾವನಾ ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿರುವುದನ್ನು ನೆನೆಸಿಕೊಂಡೆ. ಸಂಘದ ಕಾರ್ಯದರ್ಶಿ ಮೆಹರುನ್ನೀಸಾಳ ಆಫೀಸಿನ ಬಾಗಿಲ ಮೇಲೆ ಅವಳ ಹೆಸರು ಬರೆದಿರುವುದನ್ನು ನೆನೆಸಿಕೊಂಡೆ. "ಏನೋ ಒಂದು ಟೈಂಪಾಸ್ ಆಗತ್ತಲ್ಲ ನಿಂಗೆ" ಎಂದು ಚಿರಂತನ್ ಹೇಳಿದ್ದನ್ನು ನೆನೆಸಿಕೊಂಡೆ. ಕನ್ನಡಿಯಲ್ಲಿದ್ದವಳು ತನ್ನ ಹೃದಯ ತಾನೇ ಕಿತ್ತು ತಿನ್ನುವಷ್ಟು ತಯಾರಾಗಿದ್ದಳು. ಇಡೀ ಬಟ್ಟೆಯಲ್ಲಿ ಜೀವವಿದ್ದ ಭಾಗ ಅದೊಂದೇ. ಬರೆಯುವಾಗ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸಂಕ್ರಾಂತಿ ಕಳೆದ ಮೇಲೆ ಕಮಿಟಿ ಮೀಟಿಂಗಿಗೆ ಚಿತ್ರ ತೆಗೆದುಕೊಂಡು ಹೋದೆ. ಫೀಕಾಕ್ಕೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಕಾಫಿ, ದಾಲ್ಚಿನ್ನಿ ಬನ್ನು, ಜೊತೆಗೆ ಚಕ್ಕುಲಿ. ಗೋಡೆಗೆ ತೂಗುಹಾಕಿದ ತಕ್ಷಣ ಎಲ್ಲರೂ ಓಹೋ ಅಂದರು. ಆಮೇಲೆ ಬೆರಳು ತೋರಿಸಲು ಶುರು ಮಾಡಿದರು.

"ತುತ್ತೂರಿಯೋಳು ಯಾರು? ನವ್ಯಾ ಥರ ಇದಾಳೆ."

"ಕಾಲಪುರುಷನ ಗಡ್ಡ ನೋಡ್ರೋ, ನಮ್ಮ ದಾವೂದ್!"

"ನಡುವೆ ಇರೋರು ಸರ್ ಅಂತ ಯಾರಿಗೂ ಹೇಳೋದೇ ಬೇಡ."

"ಇವರು ಯಾರೂ ಅಲ್ಲ, ಬರೀ ಗುಣಗಳು" ಎಂದು ನಾನು ಹೇಳುತ್ತಲೇ ಇದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನವ್ಯಾ ಆಗಲೇ ತುತ್ತೂರಿಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ಆಗ ಪಾವನಾ ಕಾಫಿ ಕಪ್ಪು ಕೆಳಗಿಟ್ಟು ಕೇಳಿದಳು, "ಸರ್ ಕಾಲ ಕೆಳಗೆ ಇರೋಳು ಯಾರು?"

"ಮತ್ಸರ" ಅಂದೆ.

"ಅದು ಗೊತ್ತಾಯ್ತು. ಯಾರು ಅಂತ ಕೇಳ್ದೆ. ಸರ್ ವಿರುದ್ಧ ಎಲೆಕ್ಷನ್‌ಗೆ ನಿಂತಿರೋದು ನಮ್ಮ ಮನೆ ಒಂದೇ. ಮೂಗು ನೋಡಿ. ನಂದೇ ಮೂಗು."

 "ಅಯ್ಯೋ ಪಾವನಾ, ಅದು ನಾನು! ಕನ್ನಡಿ ನೋಡ್ಕೊಂಡು ನಂದೇ ಮುಖ ಬರೆದಿದ್ದು" ಅಂದೆ. ಎಲ್ಲರೂ ಒಮ್ಮೆ ನನ್ನನ್ನು, ಒಮ್ಮೆ ಚಿತ್ರವನ್ನು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. "ಸುಮ್ನೆ ತಿಪ್ಪೆ ಸಾರಿಸಬೇಡಿ, ಯಾರಾದ್ರೂ ತಮ್ಮನ್ನ ತಾವೇ ಹಂಗೆ ಬರ್ಕೋತಾರಾ?" ಎಂದ ಸಂಜಯ್. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಫ್ಲೆಕ್ಸಿಗೆ ತನ್ನ ಕೆಟ್ಟ ಫೋಟೋ ಕೊಡುವವರು ಯಾರಿದ್ದಾರೆ?

ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ತಮಾಷೆ ಮಾಡಿ ಹಗುರ ಮಾಡೋಣ ಎಂದುಕೊಂಡು, "ಕುಂಬಳಕಾಯಿ ಕಳ್ಳ ಅಂದ್ರೆ ನೀವು ಯಾಕೆ ಹೆಗಲು ಮುಟ್ಕೋತೀರಿ?" ಎಂದುಬಿಟ್ಟೆ. ಯಾವ ಗಳಿಗೆಯಲ್ಲಿ ಅಂದೆನೋ! ಪಾವನಾಳ ಕಣ್ಣಲ್ಲಿ ನೀರು ಬಂತು. ಎದ್ದು ಕೋಟು ಹಾಕಿಕೊಂಡು ಹೊರಟೇಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಆಮೇಲೆ ಶುರುವಾಯಿತು ಮೀಟಿಂಗುಗಳ ಮೆರವಣಿಗೆ. ಸ್ವೀಡನ್ನಿನವರಿಂದ ನಾವು ಕಲಿತ ವಿದ್ಯೆ ಇದೊಂದೇ. ವೋಟು ಹಾಕುವ ಹಾಗಿಲ್ಲ, ಎಲ್ಲರಿಗೂ ಸಮಾಧಾನವಾಗಬೇಕು, ಆಗುವವರೆಗೆ ಬನ್ನು ತಿನ್ನುತ್ತಿರಬೇಕು. ಒಬ್ಬರು ಮತ್ಸರಕ್ಕೆ ಹೊಂಬಣ್ಣದ ಕೂದಲು ಹಾಕಿ, ಸ್ವೀಡಿಷ್ ಹೆಂಗಸು ಎಂದುಬಿಡೋಣ ಅಂದರು. "ಆಮೇಲೆ ಕೊಮ್ಮೂನಿನವರು ಹಾಲ್ ಕೊಡ್ತಾರಾ?" ಎಂದರು ಇನ್ನೊಬ್ಬರು. ಗಂಡಸು ಮಾಡಿ ಅಂದರೆ ಯಾವ ಗಂಡಸು ಎಂಬ ಪ್ರಶ್ನೆ ಬಂತು. ಮುಖ ಆ ಕಡೆ ತಿರುಗಿಸಿ ಅಂದರು. ಸಂಜಯ್ ಮಾತ್ರ ಅದೇ ಹಾಡು: ಅವಳನ್ನು ತೆಗೀರಿ, ಇಲ್ಲದಿದ್ದರೆ ನಾವು ಸಂಘದಲ್ಲೇ ಇರಲ್ಲ. ಕಾರ್ಯದರ್ಶಿ ಮೆಹರುನ್ನೀಸಾ ಒಬ್ಬಳಿಗೆ ಸ್ವಲ್ಪ ಬುದ್ಧಿಯಿತ್ತು. "ಇದು ಶೋಭನಾ ಅಂತ ಕೆಳಗಡೆ ಬರೆದುಬಿಡಿ, ಮುಗೀತು" ಅಂದಳು. ಅದಕ್ಕೆ ಕಲಾವಿದೆಗೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಎಲ್ಲರೂ ಒಟ್ಟಾಗಿ ತಲೆಯಾಡಿಸಿದರು. ಕಲಾವಿದೆ ನಾನು ಅಲ್ಲೇ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಪ್ರತಿ ಮೀಟಿಂಗಿನಲ್ಲೂ ರಘುನಾಥರ ಕಡೆ ತಿರುಗಿ ಕೇಳುತ್ತಿದ್ದೆ. "ನೀವಾದ್ರೂ ಹೇಳಿ ಸರ್. ನೀವು ಹಿರಿಯರು, ನಿಮ್ಮ ಮಾತು ಕೇಳ್ತಾರೆ. ಸರಿಯಾಗಿ ನೋಡಿ, ಇದು ಯಾರ ಥರ ಇದೆ?"

ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. "ನಂಗೆ ಮುಖ ಗುರುತು ಹಿಡಿಯೋದು ಸ್ವಲ್ಪ ಕಷ್ಟಮ್ಮ. ಎಲ್ಲರ ಅಭಿಪ್ರಾಯಾನೂ ಮುಖ್ಯ. ಮುಂದಿನ ಮೀಟಿಂಗಲ್ಲಿ ನೋಡೋಣ." ಯಾವಾಗ ನೋಡಿದರೂ ಹೀಗೇ, ಅಡ್ಡಗೋಡೆ ಮೇಲೆ ದೀಪ. ಪಾಪ, ಒಳ್ಳೆಯ ಮನುಷ್ಯ, ಯಾರಿಗೂ ನೋವು ಮಾಡಲಾರರು ಎಂದೇ ನಾನು ಚಿರಂತನ್ ಹತ್ತಿರ ಹೇಳುತ್ತಿದ್ದೆ.

ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿರುವ ಪಾವನಾಳ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ. ಕನ್ನಡಿ ಪಕ್ಕದಲ್ಲಿಟ್ಟುಕೊಂಡು, ಅದೇ ಮುಖ ಮಾಡಿಕೊಂಡು ಫೋಟೋ ತೆಗೆದು ಕಳಿಸಿದೆ. ಅಣಕಿಸುತ್ತಿದ್ದೇನೆ ಎಂದುಕೊಂಡು ನನ್ನನ್ನು ಬ್ಲಾಕ್ ಮಾಡಿದಳು. ಹೇಳಿ, ಇನ್ನೇನು ಮಾಡಬೇಕಿತ್ತು ನಾನು?

ದಶಮಾನೋತ್ಸವದ ದಿನ ಬೆಳಿಗ್ಗೆ ವಾರ್ಷಿಕ ಸಭೆ. ಸಂಜಯ್ ಬರಲಿಲ್ಲ. "ನನ್ನ ಹೆಂಡತಿಗೆ ಅವಮಾನವಾದ ಕಡೆ ನಾನಿರುವುದಿಲ್ಲ" ಎಂದು ಮೇಲ್ ಕಳಿಸಿ ಚುನಾವಣೆಯಿಂದ ಹಿಂದೆ ಸರಿದಿದ್ದ. ರಘುನಾಥರು ಮತ್ತೆ ಅವಿರೋಧ ಆಯ್ಕೆಯಾದರು. ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಮಧ್ಯಾಹ್ನ ಸ್ಟೇಜು ಕಟ್ಟಿದರು. ನನ್ನ ಚಿತ್ರ ಮೇಲೇರಿತು. ಆದರೆ ಕಮಿಟಿ ಕೊನೆಗೂ ಒಂದು ದಾರಿ ಕಂಡುಹಿಡಿದಿತ್ತು: ಚಿತ್ರದ ಕೆಳಭಾಗಕ್ಕೆ ಅಡ್ಡವಾಗಿ ಉದ್ದದ ಮೇಜು, ಮೇಜಿಗೆ ನೆಲ ಮುಟ್ಟುವ ಬಟ್ಟೆ, ಅದರ ಮೇಲೆ ಸಾಲಾಗಿ ಹೂಕುಂಡ. ಮತ್ಸರ ಪೂರ್ತಿ ಮುಚ್ಚಿಹೋದಳು. ನನ್ನ ಚಳಿಗಾಲದ ಒಂದೇ ಒಂದು ಜೀವಂತ ತುಂಡು ಮೇಜಿನ ಹಿಂದೆ, ಕುರ್ಚಿಗಳ ರಾಶಿಯ ಪಕ್ಕ. ಅನ್ನಾ-ಲೇನಾ ಅದೇ ಹೊತ್ತಿಗೆ ಬರುತ್ತೇನೆಂದಿದ್ದಳು. ನನಗೆ ಅಳು ಬರುತ್ತಿತ್ತು.

ಅವಳು ಬಂದಳು. ಕೈ ಹಿಂದೆ ಕಟ್ಟಿಕೊಂಡು ನೋಡಿದಳು. "ಚೆನ್ನಾಗಿದೆ" ಅಂದಳು. ಆ ದನಿ ನನಗೆ ಗೊತ್ತು. ಡಾಗಿಸಿನಲ್ಲಿ ನಾವು ಎಲ್ಲ ಮಕ್ಕಳ ಚಿತ್ರಕ್ಕೂ ಹೇಳುವುದು ಅದೇ ದನಿಯಲ್ಲಿ. "ಇಂಥದ್ದು ನಮ್ಮ ಅರಮನೆಗಳಲ್ಲಿ ಬೇಕಾದಷ್ಟಿದೆ" ಎಂದೂ ಸೇರಿಸಿದಳು. ನಾನು ಮೇಜಿನ ಬಟ್ಟೆ ಎತ್ತಿದೆ. ಅವಳು ಬಗ್ಗಿದಳು. ಆಮೇಲೆ ಮಂಡಿಯೂರಿ ಕೂತಳು. ತುಂಬ ಹೊತ್ತು ಏಳಲೇ ಇಲ್ಲ.

"ಇದು ನನಗೆ ಬೇಕು. ಇವಳು ಮಾತ್ರ. ಇಂಥದ್ದೇ ಒಂದು ಸಣ್ಣದು ಮಾಡಿ ಈ ವಾರದಲ್ಲಿ ಕೊಡಲಾಗುತ್ತದೆಯೇ? ಸೋಮವಾರ ಗೋಡೆ ಖಾಲಿಯಾಗುತ್ತದೆ. ಇಡೀ ಚಿತ್ರ ಅಲ್ಲಿ ಹಿಡಿಸುವುದಿಲ್ಲ, ಕಾರಿಡಾರು ಇಕ್ಕಟ್ಟು. ಆಗದಿದ್ದರೆ ಗೋಡೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ."

ಒಂದು ವಾರದಲ್ಲಿ ಆ ಮುಖ ಇನ್ನೊಮ್ಮೆ ಬರುತ್ತದೆಯೇ? ನಾನು ಉತ್ತರ ಹುಡುಕುತ್ತಿರುವಾಗಲೇ ಹಿಂದಿನಿಂದ ರಘುನಾಥರು ಉತ್ಸಾಹದಿಂದ ಅಂದರು, "ಕತ್ತರಿಸಿ ಕೊಟ್ಟುಬಿಡಿ ಶೋಭನಾ! ಬಟ್ಟೆ ತಾನೆ? ಅವರಿಗೂ ಆಯ್ತು, ನಮಗೂ ಆಯ್ತು."

ಎಲ್ಲರೂ ಹೌದು ಹೌದು ಅಂದರು. ಚರ್ಚೆಯಿಲ್ಲ, ಬನ್ನಿಲ್ಲ, ಮುಂದಿನ ಮೀಟಿಂಗಿಲ್ಲ. ಸಂಘದ ಇತಿಹಾಸದಲ್ಲೇ ಮೊದಲ ಸರ್ವಾನುಮತ, ಅದೂ ನನ್ನನ್ನು ಕತ್ತರಿಸುವುದಕ್ಕೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ರ ಇಳಿಸಿ ಸ್ಟೇಜಿನ ಮೇಲೆ ಹಾಸಿದರು. ದಾವೂದ್ ಒಂದು ತುದಿ ಹಿಡಿದ, ನವ್ಯಾ ಇನ್ನೊಂದು. ಅಲಂಕಾರದ ಡಬ್ಬಿಯಿಂದ ಯಾರೋ ಕತ್ತರಿ ತಂದುಕೊಟ್ಟರು. ಇಡೀ ಚಿತ್ರಕ್ಕಾಗಿ ಜಗಳವಾಡಬೇಕಿತ್ತು ನಾನು. ಆದರೆ ಆ ಗೋಡೆ ಬೇಕಿತ್ತಲ್ಲ, ಕತ್ತರಿ ತೆಗೆದುಕೊಂಡೆ.

ಆಗ ತೊಡಕು ಕಂಡಿತು. ರಘುನಾಥರ ಪಾದ ಮತ್ಸರದ ತಲೆಯ ಮೇಲೆಯೇ ಕೂತಿದೆ. ಅಡ್ಡಲಾಗಿ ಕತ್ತರಿಸಿದರೆ ಅವರ ಕಾಲು ಹೋಗಬೇಕು, ಇಲ್ಲ ಅವಳ ತಲೆ ಹೋಗಬೇಕು. ರಘುನಾಥರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸಾಕ್ಸಿನ ಕೆಳಗೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. "ಹಿಂಗೆ ಬಂದುಬಿಡಿ. ಮೇಲಿನ ಹಾವುಗಳಷ್ಟೇ ಹೋಗತ್ತೆ, ಹಣೆ ಸ್ವಲ್ಪ. ಗೊತ್ತೂ ಆಗಲ್ಲ."

ನಾನು ಕತ್ತರಿ ಬಾಯಿ ತೆರೆದು ಬಟ್ಟೆಗೆ ಇಟ್ಟೆ. ಅವರು ಬಗ್ಗಿ ನೋಡುತ್ತಿದ್ದರು. ಪ್ರೀತಿಯಿಂದಲೇ, ಮೆಲ್ಲಗೆ ಅಂದರು, "ಜೋಪಾನಮ್ಮ, ಹುಬ್ಬಿನ ಹತ್ರ ಹೋಗಬೇಡಿ. ನಿಮ್ಮ ಹುಬ್ಬು ಥೇಟ್ ಹಾಗೇ ಬಂದಿದೆ."

ನನ್ನ ಕೈ ಅಲ್ಲೇ ನಿಂತಿತು.

"ನನ್ನ ಹುಬ್ಬಾ?"

ಅವರಿಗೆ ತಾವು ಅಂದದ್ದು ಆಗ ತಿಳಿಯಿತು. ಕನ್ನಡಕಕ್ಕೆ ಕೈ ಹಾಕಿದರು.

"ನಿಮಗ ಗೊತ್ತಿತ್ತೇನ್ರೀ?" ಅಂದೆ. ಆರು ವರ್ಷದಿಂದ ಬೆಂಗಳೂರಿನವರ ನಡುವೆ ಅದುಮಿಟ್ಟುಕೊಂಡಿದ್ದ ಗದಗಿನ ಮಾತು ಬಾಯಿಗೆ ಬಂದುಬಿಟ್ಟಿತ್ತು.

"ಮೊದಲನೇ ದಿನಾನೇ ಗೊತ್ತಾಯ್ತಲ್ಲಮ್ಮ. ಅಷ್ಟು ಚೆನ್ನಾಗಿ ಬರೆದಿದೀರಿ, ಗೊತ್ತಾಗದೆ ಇರತ್ತಾ?"

ಅದೊಂದು ಮಾತಿಗಾಗಿ ನಾನು ಚಳಿಗಾಲವೆಲ್ಲ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಈಗ ಅದು ಬಂದ ರೀತಿಗೆ ಮೈಯೆಲ್ಲ ಉರಿದುಹೋಯಿತು.

"ಮತ್ತ ಯಾಕ ಬಾಯಿ ಬಿಡಲಿಲ್ಲ? ಸಂಕ್ರಾಂತಿಯಿಂದ ಹೊಯ್ಕೊಳ್ಳಾಕತ್ತೀನಿ, ನಂದ ಮಾರಿ ಐತಿ, ನಂದ ಮಾರಿ ಐತಿ ಅಂತ! ಆ ಹೆಣ್ಮಗಳು ಅತ್ಕೊಂತ ಎದ್ದು ಹ್ವಾದ್ಲು. ನನ್ನ ಕೂಡ ಮಾತು ಬಿಟ್ಟಾಳ. ನೀವೊಂದು ಮಾತು ಹೇಳಿದ್ರ ಅವತ್ತ ಮುಗೀತಿತ್ತು!"

"ನಾನು ಅಧ್ಯಕ್ಷ ಅಲ್ವಾಮ್ಮ. ಒಂದು ಕಡೆ ಮಾತಾಡಿದ್ರೆ ಪಕ್ಷಪಾತ ಅಂತಾರೆ. ಎಲ್ಲರೂ ಚರ್ಚೆ ಮಾಡ್ತಿದ್ರು, ಮಾಡ್ಲಿ ಅಂತ ಬಿಟ್ಟೆ."

"ಹೌದ್ರೀ. ಚರ್ಚಾ ಮಾಡ್ಕೊಂತ ಅವರು ಕುಂತ್ರು, ಸಂಜಯ್ ಸಿಟ್ಟು ಮಾಡ್ಕೊಂಡು ಹ್ವಾದ, ನಿಮ್ಮ ಖುರ್ಚಿ ಉಳೀತು."

ಅವರು ಇಲ್ಲ ಅನ್ನಲಿಲ್ಲ. ಸುತ್ತ ನಿಂತವರೆಲ್ಲ ನೆಲ ನೋಡಿದರು. ಮೆಹರುನ್ನೀಸಾ ಮಾತ್ರ ರಘುನಾಥರನ್ನೇ ನೋಡುತ್ತಿದ್ದಳು. ಆ ಚಾವಣಿಯ ಬಗ್ಗೆ ಅವತ್ತು ಪಂಡಿತಳ ಹಾಗೆ ಕೊರೆದಿದ್ದೆನಲ್ಲ, ಮೂರ್ಖಳು ನಾನು. ಮೇಲೆ ಕೂತವನು ಗೆಲುವನ್ನು ಸುಳ್ಳು ಬರೆಸಿರಬಹುದು. ಆದರೆ ತನ್ನ ಕಾಲು ಯಾರ ಮೇಲಿದೆ ಎಂಬುದು ಅವನಿಗೆ ಸರಿಯಾಗಿಯೇ ಗೊತ್ತಿರುತ್ತದೆ. ನಾನು ಬಿದ್ದವಳ ಕಡೆಯೇ ನೋಡುತ್ತ ಅವನ ಕಣ್ಣು ಎಲ್ಲಿದೆ ಎಂದು ನೋಡಿರಲಿಲ್ಲ.

ಕತ್ತರಿಯನ್ನು ಹಣೆಯಿಂದ ಎತ್ತಿದೆ. ಮೇಲಕ್ಕೆ ಸರಿಸಿದೆ, ಸಾಕ್ಸು ದಾಟಿ, ಜರಿಪಂಚೆಯ ಅಂಚು ದಾಟಿ, ಮೊಣಕಾಲಿಗೆ ಇಟ್ಟೆ.

"ಅಲ್ಲಿ ಬೇಡ!" ಎಂದು ರಘುನಾಥರು ಕೂಗಿದರು. ಸಂಘ ಹುಟ್ಟಿದಾಗಿನಿಂದ ಅವರು ಒಂದು ವಿಷಯಕ್ಕೆ ನೇರವಾಗಿ ಬೇಡ ಅಂದದ್ದನ್ನು ಯಾರೂ ಕೇಳಿರಲಿಲ್ಲ. "ಅದು ನನ್ನ ಕಾಲು!"

"ಗೊತ್ತೈತ್ರಿ" ಎಂದು ಕತ್ತರಿಸಿದೆ. ದಪ್ಪ ಬಟ್ಟೆ, ಬಣ್ಣ ಗಟ್ಟಿಯಾಗಿ ಕೂತಿತ್ತು. ಕರಕರ ಅಂದಿತು. ಅವರು ಕೈ ಅಡ್ಡ ತರಲು ಹೋದರು. ದಾವೂದ್, "ಸರ್, ಕೈ ತೆಗೀರಿ, ಗಾಯ ಆಗತ್ತೆ" ಎಂದು ಅವರ ಕೈ ಹಿಡಿದುಕೊಂಡ.

ಸಂಜೆ ಕಾರ್ಯಕ್ರಮ ನಡೆಯಿತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ರಘುನಾಥರಿಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವರ ಹಿಂದೆ ಅವರದೇ ಚಿತ್ರ, ಒಂದು ಕಾಲಿಲ್ಲದೆ. ಖಾಲಿ ಜಾಗಕ್ಕೆ ಯಾರೋ ಹೂಕುಂಡ ಏರಿಸಿಟ್ಟಿದ್ದರು. ಫೋಟೋದಲ್ಲಿ ಏನೂ ಕಾಣುವುದಿಲ್ಲ.

ಕುಲ್ತೂರ್‌ಹೂಸಿನ ಕಾರಿಡಾರಿನಲ್ಲಿ ನನ್ನ ತುಂಡು ತೂಗುಹಾಕಿದರು. ಕೆಳಗೆ ಚೀಟಿ, ಚೀಟಿಯಲ್ಲಿ ನನ್ನ ಹೆಸರು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಡಾಗಿಸಿನಿಂದ ಬರುವಾಗ ಒಳಗೆ ಹೋದರೆ ಚಿತ್ರದ ಮುಂದೆ ಪಾವನಾ ನಿಂತಿದ್ದಳು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಲ್ಯಾಪ್‌ಟಾಪ್ ಚೀಲ. ಮೆಹರುನ್ನೀಸಾ ಎಲ್ಲ ಹೇಳಿದ್ದಳಂತೆ.

"ನಿಮ್ಮದೇ ಮುಖ ಅಂತಲ್ಲ" ಅಂದಳು.

"ಹೌದು. ಆವತ್ತಿಂದ ಅದನ್ನೇ ಬಡ್ಕೋತಿದೀನಿ. ಈಗಲಾದ್ರೂ ಕಾಣತ್ತಾ ನಿಮಗೆ?"

ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ. ನಂಗೆ ಈಗಲೂ ನಾನೇ ಕಾಣ್ತೀನಿ" ಅಂದಳು. "ನೀವು ಚಳಿಗಾಲವೆಲ್ಲ ಕೆಳಗೆ ಕೂತು ಬಣ್ಣ ಹಚ್ತಿದ್ರಿ. ಬಟ್ಟೆ ಒಗೆಯೋಕೆ ಬಂದಾಗ ಬಾಗಿಲ ಸಂದಿಯಿಂದ ನೋಡ್ತಿದ್ದೆ. ಆಮೇಲೆ ಮೇಲೆ ಹೋಗಿ ಎಕ್ಸೆಲ್ ಶೀಟು ತುಂಬ್ತಿದ್ದೆ. ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ನಿಮ್ಮನ್ನ ಕಂಡ್ರೆ? ಮೀಟಿಂಗಲ್ಲಿ ಆ ಮುಖ ನೋಡಿದ ತಕ್ಷಣ, ಇವಳಿಗೆ ಗೊತ್ತಾಗಿಬಿಟ್ಟಿದೆ ಅನ್ಕೊಂಡೆ."

 ಇಬ್ಬರೂ ಅಲ್ಲೇ ನಿಂತಿದ್ದೆವು. ಕಾರಿಡಾರು ನಿಜಕ್ಕೂ ಇಕ್ಕಟ್ಟು. ಯಾರೋ ದಾರಿ ಕೇಳಿದರು, ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟೆವು.